ಇಂಚಿನ ಜಾಕಿಗೆ ಮಿಲಿಮೀಟರಿನ ರಿಪೇರಿ: ಕುರ್ಲಾ ಗ್ಯಾರೇಜಿನ ಒಂದು ಪ್ರಕರಣ

ಮುಂಬಯಿಯ ಕುರ್ಲಾದಲ್ಲಿ ಹಳೆಯ ಜೀಪು ಮತ್ತು ಪ್ರೀಮಿಯರ್ ಪದ್ಮಿನಿಗಳನ್ನು ನೋಡಿಕೊಳ್ಳುವ ಸಣ್ಣ ಗ್ಯಾರೇಜೊಂದಿದೆ. ಮಾಲೀಕರು ಕುಂದಾಪುರದ ಕಡೆಯವರು, ಕೆಲಸದ ಇಬ್ಬರು ಹುಡುಗರು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನವರು. ಏಪ್ರಿಲ್ ಕೊನೆಯಲ್ಲಿ ಚೋರ್ ಬಜಾರಿನ ಗುಜರಿಯಿಂದ 1,400 ರೂಪಾಯಿಗೆ ಒಂದು ಹಳೆಯ ಬಾಟಲ್ ಜಾಕಿ (ಎಣ್ಣೆಯ ಒತ್ತಡದಿಂದ ಗಾಡಿ ಎತ್ತುವ, ಬಾಟಲಿಯಾಕಾರದ ಜಾಕಿ) ಬಂತು, ಜೊತೆಗೆ ತೂಕದ ಲೆಕ್ಕದಲ್ಲಿ ಹನ್ನೊಂದು ಪಾನಾ, ಅಂದರೆ ಸ್ಪ್ಯಾನರು. ಜಾಕಿಯ ಬುಡದ ಮೇಲೆ '5 ಟನ್' ಎಂಬ ಉಬ್ಬಕ್ಷರ ಉಳಿದಿತ್ತು. ತಯಾರಕರ ಹೆಸರಿನ ಪಟ್ಟಿ ಕಿತ್ತುಹೋಗಿತ್ತು, ಅದು ಕೂತಿದ್ದ ಎರಡು ರಿವೆಟ್ ತೂತು ಮಾತ್ರ ಕಾಣುತ್ತಿದ್ದವು.

ದೂರು ಎರಡು. ಎತ್ತಿದ ಭಾರ ನಿಲ್ಲದೆ ನಿಧಾನವಾಗಿ ಇಳಿಯುತ್ತದೆ. ಹಿಡಿಕೆ ಹತ್ತು ಸಲ ಒತ್ತಿದರೆ ಎರಡು ಮೂರು ಸಲ ಖಾಲಿ ಹೋಗುತ್ತದೆ, ಕೈಗೆ ಏನೂ ಸಿಗುವುದಿಲ್ಲ.

ಇಂಥ ಜಾಕಿಯನ್ನು 'ಮುದಿಯಾಯಿತು' ಎಂದು ಮತ್ತೆ ಗುಜರಿಗೆ ಹಾಕುವುದೇ ರೂಢಿ. ಈ ಜಾಕಿಯಲ್ಲಿ ವಯಸ್ಸಿನಿಂದ ಹಾಳಾದದ್ದು ಒಂದೇ ಒಂದು ಜಾಗ. ಉಳಿದದ್ದೆಲ್ಲ ರಿಪೇರಿಯಿಂದಲೇ ಹಾಳಾದದ್ದು: ಇಂಚಿನ ಅಳತೆಯಲ್ಲಿ ಹುಟ್ಟಿದ ಯಂತ್ರಕ್ಕೆ ಮಿಲಿಮೀಟರಿನ ಪಾನಾ, ಬೋಲ್ಟು ಮತ್ತು ಗುಂಡು ಹಾಕಿದ್ದರು, ಮೇಲೆ ತಪ್ಪು ಎಣ್ಣೆ ಸುರಿದಿದ್ದರು.

ಕೊಳ್ಳುವಾಗಲೇ ಕಂಡ ನಾಲ್ಕು ಗುರುತು

ಅಂಗಡಿಯ ಮುಂದೆ ನಿಂತು ನೋಡುವಾಗಲೇ ನಾಲ್ಕು ಗುರುತು ಕಣ್ಣಿಗೆ ಬಿದ್ದಿದ್ದವು, ಬರೆದೂ ಇಟ್ಟಿದ್ದರು. ಬರೆದಿಟ್ಟದ್ದರ ಬೆಲೆ ಆಮೇಲೆ ತಿಳಿಯಿತು.

ಮೊದಲನೆಯದು, ಭಾರ ಎತ್ತುವ ಉಕ್ಕಿನ ಕಂಬ, ಅಂದರೆ ರ್ಯಾಮು, 65 ಮಿ.ಮೀ. ಹೊರಗೆ ಬಂದು ಅಲ್ಲೇ ಕಚ್ಚಿಕೊಂಡಿತ್ತು. ಎಣ್ಣೆಯನ್ನು ಹಿಂದಕ್ಕೆ ಬಿಟ್ಟು ಭಾರ ಇಳಿಸುವ ಬಿಡುಗಡೆ ತಿರುಪನ್ನು ಸಡಿಲಿಸಿ ಕೈಯಿಂದ ಒತ್ತಿದರೂ ಕದಲಲಿಲ್ಲ, ಮರದ ಸುತ್ತಿಗೆಯ ಪೆಟ್ಟಿಗೆ ಇಳಿಯಿತು. ಎರಡನೆಯದು, ಎಣ್ಣೆ ತುಂಬುವ ತೂತಿನಲ್ಲಿ ಮೂಲದ ಮುಚ್ಚಳ ಇರಲಿಲ್ಲ. ಅದರ ಜಾಗದಲ್ಲಿ ಬಿಳಿ ಟೆಫ್ಲಾನ್ ಪಟ್ಟಿ ಸುತ್ತಿದ ಎಂ6 (6 ಮಿ.ಮೀ. ದಪ್ಪದ) ಬೋಲ್ಟನ್ನು ಬಲವಂತವಾಗಿ ತುರುಕಿದ್ದರು. ಮೂರನೆಯದು, ನಟ್ಟುಗಳ ಮೂಲೆಗಳೆಲ್ಲ ಸವೆದು ದುಂಡಗಾಗಿದ್ದವು. ನಾಲ್ಕನೆಯದು, ಆ ತುಂಬುವ ತೂತಿನ ಸುತ್ತ ಅಂಗೈಯಗಲ ಬಣ್ಣ ಸುಲಿದು ಬರಿ ಲೋಹ ಕಾಣುತ್ತಿತ್ತು. ಹೈಡ್ರಾಲಿಕ್ ಎಣ್ಣೆ ಚೆಲ್ಲಿದರೆ ಬಣ್ಣ ಮಂಕಾಗಬಹುದು, ಹೀಗೆ ಸುಲಿಯುವುದಿಲ್ಲ. ಬಣ್ಣ ಸುಲಿಯುವುದು ಬ್ರೇಕ್ ದ್ರವದ ಕೆಲಸ.

ಇಂಚಿನ ಸಾಮಾನು ಮುಂಬಯಿಗೆ ಇಷ್ಟೊಂದು ಬಂದದ್ದು ಹೇಗೆ

ಚೋರ್ ಬಜಾರಿನಲ್ಲಿ ವಿಟ್‌ವರ್ತ್ ಎಂಬ ಹಳೆಯ ಬ್ರಿಟಿಷ್ ಇಂಚಿನ ಅಳತೆಯ ಪಾನಾಗಳು ರಾಶಿ ರಾಶಿ ಸಿಗುವುದಕ್ಕೆ ಕಾರಣವಿದೆ. 1850ರ ದಶಕದಿಂದ ಈ ಊರಿನಲ್ಲಿ ಎದ್ದ ಬಟ್ಟೆ ಗಿರಣಿಗಳ ಯಂತ್ರಗಳಲ್ಲಿ ಬಹುಪಾಲು ಲ್ಯಾಂಕಾಷೈರಿನವು. ಅವುಗಳ ಬೋಲ್ಟು ನಟ್ಟುಗಳು ಜೋಸೆಫ್ ವಿಟ್‌ವರ್ತ್ 1841ರಲ್ಲಿ ಮುಂದಿಟ್ಟ ಅಳತೆಯವು, ಥ್ರೆಡ್ಡಿನ ಕೋನ 55 ಡಿಗ್ರಿ. ರೈಲ್ವೆ ವರ್ಕ್‌ಶಾಪುಗಳಲ್ಲೂ ಅದೇ ಅಳತೆ. 1982ರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದಾಗ ಯಂತ್ರಗಳ ಜೊತೆ ಫಿಟ್ಟರುಗಳ ಪೆಟ್ಟಿಗೆಗಳೂ ಗುಜರಿಗೆ ಬಂದವು. ಹೀಗಾಗಿ ಮುಂಬಯಿಯಲ್ಲಿ ಇಂಚಿನ ಪಾನಾ ಹುಡುಕುವುದು ಕಷ್ಟವಲ್ಲ. ಅದರ ಮೇಲಿನ ಅಂಕಿಯನ್ನು ಸರಿಯಾಗಿ ಓದುವವರು ಮಾತ್ರ ಕಡಿಮೆಯಾಗಿದ್ದಾರೆ.

ಓದುವ ಕ್ರಮ ಹೀಗೆ. ಮಿಲಿಮೀಟರ್ ಪಾನಾದಲ್ಲೂ ಎಎಫ್ (ನಟ್ಟಿನ ಎದುರುಬದುರು ಚಪ್ಪಟೆಗಳ ನಡುವಿನ ಅಂತರ, ಇಂಚಿನಲ್ಲಿ) ಪಾನಾದಲ್ಲೂ ಬರೆದ ಅಂಕಿ ಬಾಯಿಯ ಅಗಲ. ವಿಟ್‌ವರ್ತ್ ಪಾನಾದಲ್ಲಿ ಬರೆದ ಅಂಕಿ ಬೋಲ್ಟಿನ ದಪ್ಪ, ಬಾಯಿಯ ಅಗಲ ಅದಕ್ಕಿಂತ ಬಹಳ ಹೆಚ್ಚು. 1/4 ಡಬ್ಲ್ಯು ಎಂದರೆ ಬಾಯಿ 0.525 ಇಂಚು, ಅಂದರೆ 13.34 ಮಿ.ಮೀ. 5/16 ಡಬ್ಲ್ಯು 0.600 ಇಂಚು, 15.24 ಮಿ.ಮೀ. 3/8 ಡಬ್ಲ್ಯು 0.710 ಇಂಚು, 18.03 ಮಿ.ಮೀ. 1/2 ಡಬ್ಲ್ಯು 0.920 ಇಂಚು, 23.37 ಮಿ.ಮೀ. ಒಂದೇ ಬಾಯಿಗೆ '1/4 ಡಬ್ಲ್ಯು, 5/16 ಬಿಎಸ್' ಎಂದು ಎರಡು ಗುರುತು ಇದ್ದರೆ ಗಾಬರಿಯಾಗಬೇಕಿಲ್ಲ. ಬಿಎಸ್ ಎಂದರೆ ಬಿಎಸ್ಎಫ್, ಬ್ರಿಟಿಷ್ ಸ್ಟ್ಯಾಂಡರ್ಡ್ ಫೈನ್. ಸಣ್ಣ ಪಿಚ್ಚಿನ (ಥ್ರೆಡ್ಡಿನ ಸುತ್ತುಗಳ ನಡುವೆ ಅಂತರ ಕಡಿಮೆಯಿರುವ) ಈ ಬೋಲ್ಟಿನ ತಲೆ ಒಂದು ಹೆಜ್ಜೆ ಚಿಕ್ಕದು, ಅದಕ್ಕೇ ಆ ಜೋಡಿ.

ಈಗ ಲೆಕ್ಕ ಹಾಕಿ ನೋಡಿ. 5/16 ಡಬ್ಲ್ಯು ನಟ್ಟಿಗೆ 15 ಮಿ.ಮೀ. ಪಾನಾ ಹೋಗುವುದಿಲ್ಲ, 16 ಹೋಗುತ್ತದೆ, ಆದರೆ ಮುಕ್ಕಾಲು ಮಿಲಿಮೀಟರ್ ಸಡಿಲ. 1/4 ಡಬ್ಲ್ಯು ನಟ್ಟಿಗೆ 14ರದು 0.66 ಮಿ.ಮೀ. ಸಡಿಲ. ಕೈಬಿಗಿಯಾದ ನಟ್ಟಿಗೆ ಅದು ನಡೆದೀತು. ತುಕ್ಕು ಹಿಡಿದ ನಟ್ಟಿಗೆ ಹಾಕಿ ಎಳೆದರೆ ಮೂಲೆ ಉರುಳುತ್ತದೆ. 3/8 ಡಬ್ಲ್ಯುಗೆ ಮಾತ್ರ 18ರ ಪಾನಾ ಸರಿಯಾಗಿ ಕೂರುತ್ತದೆ. ಅದೊಂದು ಹೊಂದಿದ್ದನ್ನು ಕಂಡೇ ಅನೇಕರು ಉಳಿದವೂ ಹೊಂದುತ್ತವೆ ಎಂದುಕೊಳ್ಳುತ್ತಾರೆ.

ಬಂದ ಹನ್ನೊಂದರಲ್ಲಿ ಮೂರು ಬರ್ಮಿಂಗ್‌ಹ್ಯಾಮಿನ ಕಿಂಗ್ ಡಿಕ್, ಎರಡು ಗೆಡೋರ್, ಉಳಿದವಕ್ಕೆ ಹೆಸರಿಲ್ಲ. ವರ್ನಿಯರ್ ಹಿಡಿದಾಗ ಹೆಸರಿಲ್ಲದ 5/16ರ ಒಂದರ ಬಾಯಿ 15.9ಕ್ಕೆ ತೆರೆದಿತ್ತು. ಯಾರೋ ಪೈಪು ಏರಿಸಿ ಎಳೆದಿದ್ದಾರೆ. ಅದನ್ನು ಕೆಲಸದಿಂದ ತೆಗೆದು ಗೋಡೆಗೆ ನೇತುಹಾಕಿದರು. ಬಾಯಿ ತೆರೆದ ಪಾನಾವನ್ನು ಬಡಿದು ಮುಚ್ಚುವುದನ್ನು ನಾವು ಒಪ್ಪುವುದಿಲ್ಲ. ಗಟ್ಟಿ ಮಾಡಿದ ಉಕ್ಕು ಒಳಗೊಳಗೇ ಸೀಳು ಬಿಟ್ಟಿದ್ದರೆ ಮುಂದಿನ ಎಳೆತಕ್ಕೆ ಮುರಿಯುತ್ತದೆ, ಬೆರಳಿಗೇ ಪೆಟ್ಟು.

ತುಕ್ಕು ತೆಗೆಯಲು ವೈರ್ ಬ್ರಷ್ಷಿನ ಚಕ್ರ ಹಚ್ಚಲಿಲ್ಲ, ಅದು ಅಚ್ಚೊತ್ತಿದ ಅಕ್ಷರವನ್ನೂ ತಿನ್ನುತ್ತದೆ. ಲೀಟರ್ ನೀರಿಗೆ 50 ಗ್ರಾಂ ಸಿಟ್ರಿಕ್ ಆಮ್ಲ, ಐದು ಗಂಟೆ ನೆನೆಸಿದ್ದು, ಪ್ಲಾಸ್ಟಿಕ್ ಬ್ರಷ್ಷಿನಿಂದ ಉಜ್ಜಿದ್ದು, ವಾಷಿಂಗ್ ಸೋಡಾ ನೀರಿನಲ್ಲಿ ಅದ್ದಿದ್ದು, ಒರೆಸಿ ಬಿಸಿಲಿಗಿಟ್ಟು ಬಿಸಿಯಿರುವಾಗಲೇ ಎಣ್ಣೆ ಸವರಿದ್ದು, ಇಷ್ಟೇ. ರಾತ್ರಿಯಿಡೀ ಬಿಟ್ಟರೆ ಲೋಹ ಕಪ್ಪಾಗಿ ತರಿತರಿಯಾಗುತ್ತದೆ. ಸ್ಪ್ರಿಂಗ್ ಮತ್ತು ಗುಂಡುಗಳನ್ನು ಈ ದ್ರಾವಣಕ್ಕೆ ಹಾಕಬಾರದು. ಆಮ್ಲದಲ್ಲಿ ಹುಟ್ಟುವ ಹೈಡ್ರೋಜನ್ ಗಟ್ಟಿ ಉಕ್ಕಿನೊಳಗೆ ಸೇರಿ ಅದನ್ನು ಬಿರುಸು ಮಾಡುತ್ತದೆ.

ಬಿಚ್ಚುವ ಮೊದಲು ಅಳತೆ

ರ್ಯಾಮಿನ ಸಿಲಿಂಡರ್ ಒಳವ್ಯಾಸ ಒಂದೂವರೆ ಇಂಚು, 38.1 ಮಿ.ಮೀ., ವಿಸ್ತೀರ್ಣ 11.4 ಚದರ ಸೆಂ.ಮೀ. ಪಂಪಿನ ಪಿಸ್ಟನ್ ಅರ್ಧ ಇಂಚು, 1.27 ಚದರ ಸೆಂ.ಮೀ. ಪಂಪಿನ ನಡೆ ಮುಕ್ಕಾಲು ಇಂಚು. ಒಂದು ಒತ್ತಿಗೆ 2.4 ಘನ ಸೆಂ.ಮೀ. ಎಣ್ಣೆ ಆ ಕಡೆ ಹೋಗುತ್ತದೆ, ರ್ಯಾಮು 2.1 ಮಿ.ಮೀ. ಏರುತ್ತದೆ. ಆರು ಇಂಚು ಏರಲು ಸುಮಾರು 72 ಒತ್ತು, 174 ಘನ ಸೆಂ.ಮೀ. ಎಣ್ಣೆ. ಐದು ಬ್ರಿಟಿಷ್ ಟನ್ ಅಂದರೆ 5,080 ಕಿಲೊ. ಅಷ್ಟು ಭಾರಕ್ಕೆ ಒಳಗಿನ ಒತ್ತಡ ಚದರ ಸೆಂ.ಮೀ.ಗೆ ಸುಮಾರು 445 ಕಿಲೊ. ಕಾರಿನ ಟೈರಿನ ಗಾಳಿಯೊತ್ತಡ 2 ಕಿಲೊ ಆಸುಪಾಸು ಎಂಬುದನ್ನು ನೆನೆದರೆ, ಕೂದಲೆಳೆಯ ಗೀರೂ ಇಲ್ಲಿ ಯಾಕೆ ಸೋರುತ್ತದೆ ಎಂದು ಗೊತ್ತಾಗುತ್ತದೆ. 1795ರಲ್ಲಿ ಬ್ರಾಮಾ ಪೇಟೆಂಟ್ ಪಡೆದ ಹೈಡ್ರಾಲಿಕ್ ಪ್ರೆಸ್ಸಿಗೂ, 1851ರಲ್ಲಿ ರಿಚರ್ಡ್ ಡಡ್ಜನ್ ಪೇಟೆಂಟ್ ಪಡೆದ ಕೈ ಜಾಕಿಗೂ ದೊಡ್ಡ ತಲೆನೋವು ಎಣ್ಣೆ ಸೋರದಂತೆ ತಡೆಯುವ ಸೀಲು.

ಪರೀಕ್ಷೆಗೆ ಗ್ಯಾರೇಜಿನವರು ಹಳೆಯ ಫೋರ್ಕ್‌ಲಿಫ್ಟಿನ ಎರಕದ ತೂಕದ ದಿಮ್ಮಿ ತಂದರು, ಕಾಟಾದ ಮೇಲೆ 1,240 ಕಿಲೊ. ನಾಲ್ಕೂ ಮೂಲೆಗೆ ಮರದ ದಿಮ್ಮಿ ಪೇರಿಸಿ, ಭಾರಕ್ಕೂ ಮರಕ್ಕೂ ನಡುವೆ 10 ಮಿ.ಮೀ. ಮಾತ್ರ ಬಿಟ್ಟರು. ಜಾಕಿ ಕೈಕೊಟ್ಟರೆ ಭಾರ ಬೀಳುವುದು ಅಷ್ಟೇ ದೂರ. ಸಣ್ಣ ಇಳಿತವನ್ನೂ ಅಳೆಯುವ ಡಯಲ್ ಗೇಜನ್ನು ಕಾಂತದ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಎತ್ತಿದ ಮೇಲೆ ಹದಿನೈದು ನಿಮಿಷ ಬಿಟ್ಟು ಲೆಕ್ಕ ಶುರು ಮಾಡಿದರು. ಆ ಹದಿನೈದು ನಿಮಿಷ ಬೇಕೇಬೇಕು. ರ್ಯಾಮು 65 ಮಿ.ಮೀ. ಏರಿದಾಗ ಕೆಳಗಿರುವ 74 ಘನ ಸೆಂ.ಮೀ. ಎಣ್ಣೆ ಒಂದು ಡಿಗ್ರಿ ತಣಿದರೂ ರ್ಯಾಮು 0.05 ಮಿ.ಮೀ.ನಷ್ಟು ಇಳಿಯುತ್ತದೆ, ಅದನ್ನು ಸೋರಿಕೆ ಎಂದು ತಪ್ಪು ತಿಳಿಯಬಾರದು.

ಹತ್ತು ನಿಮಿಷದ ಇಳಿತ: 30 ಮಿ.ಮೀ. ಎತ್ತರದಲ್ಲಿ 6.2 ಮಿ.ಮೀ., 65ರಲ್ಲಿ 6.9, 110ರಲ್ಲಿ 6.1. ಹೊರಗೆ ಒಂದು ಹನಿಯೂ ಇಲ್ಲ. ಅಂದರೆ ಹತ್ತು ನಿಮಿಷಕ್ಕೆ ಸುಮಾರು 7 ಘನ ಸೆಂ.ಮೀ. ಎಣ್ಣೆ ಒಳಗೊಳಗೇ ಜಾಕಿಯ ಎಣ್ಣೆ ಟ್ಯಾಂಕಿಗೆ ವಾಪಸಾಗುತ್ತಿದೆ.

ಜಾಕಿಯೊಳಗೆ ಎಣ್ಣೆಯ ದಾರಿಯನ್ನು ಮುಚ್ಚುವುದು ಸೀಟಿನ ಮೇಲೆ ಕೂರುವ ಸಣ್ಣ ಉಕ್ಕಿನ ಗುಂಡುಗಳು. ಒಳಸೋರಿಕೆಗೆ ದಾರಿಗಳು ನಾಲ್ಕು. ಪಂಪಿನಿಂದ ಸಿಲಿಂಡರಿಗೆ ಎಣ್ಣೆ ದಾಟಿಸುವ ಗುಂಡು ಕೂರದಿದ್ದರೆ, ಭಾರದ ಒತ್ತಡ ಪಂಪಿಗೆ ಮರಳಿ ಹಿಡಿಕೆ ತಾನಾಗಿ ಮೇಲೇಳುತ್ತದೆ. ಇಲ್ಲಿ ಏಳಲಿಲ್ಲ. ರ್ಯಾಮಿನ ತಳದಲ್ಲಿರುವ, ಬಟ್ಟಲಿನಾಕಾರದ ತೊಗಲಿನ ಸೀಲು ಸವೆದರೆ ಎಲ್ಲ ಎತ್ತರದಲ್ಲೂ ಸೋರುತ್ತದೆ. ಸಿಲಿಂಡರಿನ ಗೋಡೆ ಒಂದು ಕಡೆ ಮಾತ್ರ ಕೆಟ್ಟಿದ್ದರೆ ಆ ಎತ್ತರದಲ್ಲಿ ಮಾತ್ರ ಹೆಚ್ಚು ಸೋರುತ್ತದೆ. ಬಿಡುಗಡೆ ಗುಂಡು ಕೂರದಿದ್ದರೂ ಎಲ್ಲ ಎತ್ತರದಲ್ಲಿ ಒಂದೇ ಸಮ, ಆದರೆ ತಿರುಪನ್ನು ಸಡಿಲಿಸಿ ಮತ್ತೆ ಬಿಗಿದಾಗಲೆಲ್ಲ ವೇಗ ಬದಲಾಗುತ್ತದೆ. ಇಲ್ಲಿ ಬಿಗಿದು ಬಿಗಿದು ನೋಡಿದಾಗ ಇಳಿತ 4ರಿಂದ 9 ಮಿ.ಮೀ. ನಡುವೆ ಓಡಾಡಿತು. ಮೊದಲ ಆರೋಪಿ ಸಿಕ್ಕಿತು. 65ರಲ್ಲಿ ಹೆಚ್ಚಿದ್ದ ಆ 0.7 ಮಿ.ಮೀ.ಯನ್ನು ಆಗ ಯಾರೂ ಗಣನೆಗೆ ತೆಗೆದುಕೊಳ್ಳಲಿಲ್ಲ.

ಬಿಚ್ಚಿದಾಗ ಕಂಡದ್ದು

ಬರಿದು ಮಾಡಿದ ದ್ರವ ಕಂದು ಬಣ್ಣ, ಅಂಟು ಕಡಿಮೆ. ಗಾಜಿನ ಬಾಟಲಿಯಲ್ಲಿ ಅರ್ಧ ನೀರು ಹಾಕಿ, ಹತ್ತು ಹನಿ ಬಿಟ್ಟು ಅಲುಗಾಡಿಸಿದರು. ಖನಿಜ ಎಣ್ಣೆಯಾಗಿದ್ದರೆ ಮೇಲೆ ತೇಲಬೇಕು. ಇದು ನೀರಿನಲ್ಲಿ ಕರಗಿಹೋಯಿತು, ಮೇಲೆ ತೆಳುವಾದ ಎಣ್ಣೆಯ ಪೊರೆ ಮಾತ್ರ ನಿಂತಿತು. ಬ್ರೇಕ್ ದ್ರವವೇ ಹೆಚ್ಚು, ತಳದಲ್ಲಿ ಉಳಿದಿದ್ದ ಹಳೆಯ ಎಣ್ಣೆ ಸ್ವಲ್ಪ.

'ಬ್ರೇಕೂ ಹೈಡ್ರಾಲಿಕ್ಕೇ ಅಲ್ಲೇನಣ್ಣಾ' ಎಂದು ಕಿರಿಯ ಹುಡುಗ ಕೇಳಿದ್ದು ನ್ಯಾಯವಾದ ಪ್ರಶ್ನೆ, ಈ ತಪ್ಪು ನಡೆಯುವುದೇ ಆ ಹೆಸರಿನಿಂದ. ಗ್ಲೈಕಾಲ್ ಆಧಾರದ ಬ್ರೇಕ್ ದ್ರವ ಗಾಳಿಯಿಂದ ತೇವ ಹೀರುತ್ತದೆ, ಮುಂಬಯಿಯ ಮಳೆಗಾಲದಲ್ಲಿ ಕೇಳುವುದೇ ಬೇಡ. ಆ ತೇವ ಒಳಗಿನ ಉಕ್ಕಿಗೆ ತುಕ್ಕು ಹಿಡಿಸುತ್ತದೆ. ಜಾಕಿಗಳಲ್ಲಿ ಬಳಸುವ ನೈಟ್ರೈಲ್ ರಬ್ಬರನ್ನು ಊದಿಸಿ ಮೆತ್ತಗೆ ಮಾಡುತ್ತದೆ. ಮೇಲಿನ ನಟ್ಟಿನೊಳಗೆ ಯಾರೋ ಹಾಕಿದ್ದ ಓ-ರಿಂಗಿನ (ರಬ್ಬರಿನ ಸೀಲು ಉಂಗುರದ) ದಪ್ಪ 3.5 ಮಿ.ಮೀ. ಇರಬೇಕಾದದ್ದು 4.3ಕ್ಕೆ ಊದಿ, ರ್ಯಾಮನ್ನು ಹಿಂಡಿ ಹಿಡಿದಿತ್ತು. ಕೊಳ್ಳುವಾಗ ರ್ಯಾಮು ಇಳಿಯದಿದ್ದುದಕ್ಕೆ ಅರ್ಧ ಕಾರಣ ಅದು.

ಬಿಡುಗಡೆ ತಿರುಪಿನ ಗ್ಲ್ಯಾಂಡ್ ನಟ್ಟು (ಸೀಲನ್ನು ಒತ್ತಿ ಹಿಡಿಯುವ ನಟ್ಟು) 5/16 ಡಬ್ಲ್ಯು. ಮೂಲೆ ಉರುಳಿದ್ದರೂ ಕಿಂಗ್ ಡಿಕ್ಕಿನ ಸರಿಯಾದ ಬಾಯಿ ಚಪ್ಪಟೆಯ ಉಳಿದ ಭಾಗವನ್ನು ಹಿಡಿಯಿತು, ಒಂದೇ ಎಳೆತಕ್ಕೆ ಬಿಚ್ಚಿತು. ಪಂಪಿನ ಗ್ಲ್ಯಾಂಡು 1/2 ಡಬ್ಲ್ಯು, ಅದೂ ಹಾಗೆಯೇ. ಮೇಲಿನ ದೊಡ್ಡ ನಟ್ಟು ಎರಡೂಕಾಲು ಇಂಚು, ಅಷ್ಟು ದೊಡ್ಡ ಪಾನಾ ಇರಲಿಲ್ಲ. ಪೈಪ್ ರೆಂಚಿನ ಹಲ್ಲು ಹಾಕಲು ಮಾಲೀಕರು ಬಿಡಲಿಲ್ಲ. 10 ಮಿ.ಮೀ. ತಗಡಿನಲ್ಲಿ 57.3 ಮಿ.ಮೀ. ಬಾಯಿ ಕತ್ತರಿಸಿ, ಅರದಿಂದ ತೀಡಿ, 90 ಸೆಂ.ಮೀ. ಹಿಡಿಕೆಯ ಪಾನಾ ಮಾಡಿಸಿದರು. ಎರಡು ರಾತ್ರಿ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಬುಡವನ್ನು ವೈಸಿನಲ್ಲಿ ಹಿಡಿದು, ನಟ್ಟಿನ ಮೇಲೆ ಕುದಿಯುವ ನೀರು ಸುರಿದು ಎಳೆದಾಗ ಸಡಿಲಾಯಿತು. ಇಲ್ಲಿ ಗ್ಯಾಸಿನ ಉರಿ ಹಿಡಿಯಲೇಬಾರದು. ಒಳಗೆ ಉಳಿದ ದ್ರವ ಆವಿಯಾಗಿ ಹೊತ್ತಿಕೊಳ್ಳುತ್ತದೆ, ಮುಚ್ಚಿದ ಸಿಲಿಂಡರಾದರೆ ಸಿಡಿಯುತ್ತದೆ.

ಒಳಗೆ ಸಿಕ್ಕಿದ್ದು ಇಷ್ಟು. ಎಣ್ಣೆ ಹೀರುವ ಗುಂಡಿನ ಕೆಳಗೆ ಟೆಫ್ಲಾನ್ ಪಟ್ಟಿಯ ಎರಡು ಎಳೆ. ಕಾಲು ಇಂಚಿನ ವಿಟ್‌ವರ್ತ್ ಥ್ರೆಡ್ಡಿಗೆ ಇಂಚಿಗೆ 20 ಸುತ್ತು, ಅಂದರೆ ಪಿಚ್ಚು 1.27 ಮಿ.ಮೀ. ಎಂ6ರ ಪಿಚ್ಚು 1 ಮಿ.ಮೀ., ದಪ್ಪವೂ ಕಡಿಮೆ. ಸಡಿಲಾಗಿ ಅಡ್ಡ ಕೂತ ಬೋಲ್ಟಿಗೆ ಸುತ್ತಿದ ಪಟ್ಟಿ ಹರಿದು ಎಣ್ಣೆಗೆ ಬಿದ್ದು, ಗುಂಡಿನ ಕೆಳಗೆ ಸಿಕ್ಕಿಕೊಂಡಾಗಲೆಲ್ಲ ಹಿಡಿಕೆ ಖಾಲಿ ಹೋಗುತ್ತಿತ್ತು.

ಬಿಡುಗಡೆ ತಿರುಪಿನ ತುದಿಯಲ್ಲಿ ಇರಬೇಕಾದದ್ದು ಕಾಲು ಇಂಚಿನ ಗುಂಡು, 6.35 ಮಿ.ಮೀ. ಸಿಕ್ಕಿದ್ದು 6 ಮಿ.ಮೀ. ಗುಂಡು. ಸೀಟಿನ ಗೆರೆ ದೊಡ್ಡ ಗುಂಡಿನಿಂದ ಬಿದ್ದದ್ದು, ಸಣ್ಣ ಗುಂಡು ಅದರೊಳಗೆ ಒಂದು ಪಕ್ಕಕ್ಕೆ ವಾಲಿ ಕೂರುತ್ತಿತ್ತು. ನಿಲ್ಲದ ಜಾಕಿಯನ್ನು ನಿಲ್ಲಿಸಲು ತಿರುಪಿಗೆ ಪೈಪು ಹಾಕಿ ಬಿಗಿದಿದ್ದರು, ಅದರಿಂದ ಸೀಟಿನಲ್ಲಿ ಅರ್ಧಚಂದ್ರದ ಎರಡನೆಯ ಗುರುತು ಬಿದ್ದಿತ್ತು. ಬಿಗಿದಾಗಲೆಲ್ಲ ಸೋರಿಕೆ ಬದಲಾಗುತ್ತಿದ್ದುದು ಇದಕ್ಕೇ.

ಸೀಟು ಸರಿಮಾಡಿದ್ದು

ಮೊದಲು ಎಲ್ಲ ಭಾಗಗಳನ್ನೂ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತೊಳೆದರು. ಬ್ರೇಕ್ ದ್ರವ ಅದರಲ್ಲಿ ಕರಗುತ್ತದೆ, ಸೀಮೆಎಣ್ಣೆಯಲ್ಲಿ ಸರಿಯಾಗಿ ಕರಗುವುದಿಲ್ಲ. ಸೀಮೆಎಣ್ಣೆಯ ಸರದಿ ಆಮೇಲೆ, ಹಳೆಯ ಎಣ್ಣೆಯ ಗಸಿಗೆ. ತೂತುಗಳಿಗೆ ಗಾಳಿ ಹೊಡೆದು ಒಣಗಿಸಿದರು.

ನಾಗದೇವಿ ಸ್ಟ್ರೀಟಿನಿಂದ ಕಾಲು ಇಂಚಿನ ಕ್ರೋಮ್ ಉಕ್ಕಿನ ಆರು ಬೇರಿಂಗ್ ಗುಂಡು ಬಂದವು. ಸೈಕಲ್ ಅಂಗಡಿಯಲ್ಲೂ ಕಾಲು ಇಂಚಿನ ಛರ್ರಾ ಸಿಗುತ್ತದೆ, ಅಳತೆ ಅದೇ. ಆದರೆ ಅಗ್ಗದ ಛರ್ರಾದ ದುಂಡು ನಂಬಿಕೆಗೆ ಸಾಲದು, ಸೀಟು ಮಾಡುವ ಕೆಲಸಕ್ಕೆ ಬೇಡ.

ಅರ್ಧಚಂದ್ರದ ಗುರುತು ಹೋಗುವಷ್ಟು ಮಾತ್ರ ಸೀಟನ್ನು ಕೈಯಿಂದ ತಿರುಗಿಸುವ 90 ಡಿಗ್ರಿ ಕಟರಿನಿಂದ ತೀಡಿದರು, ಡ್ರಿಲ್ ಯಂತ್ರ ಹಾಕಲಿಲ್ಲ. ಚೂರುಗಳನ್ನು ತೊಳೆದು, ಗುಂಡು ಇಟ್ಟು, ಹಿತ್ತಾಳೆ ಸಲಾಕೆಯನ್ನು ನೆಟ್ಟಗೆ ನಿಲ್ಲಿಸಿ, 200 ಗ್ರಾಂ ಸುತ್ತಿಗೆಯಿಂದ ಒಂದೇ ಪೆಟ್ಟು. ಸೀಟಿನ ಮೇಲೆ ಮುರಿಯದ ಹೊಳೆಯುವ ಉಂಗುರ ಮೂಡಬೇಕು, ಅಗಲ ಅರ್ಧ ಮಿಲಿಮೀಟರಿಗಿಂತ ಕಡಿಮೆ ಇರಬೇಕು. ಭದ್ರವಾಗಲಿ ಎಂದು ನಾಲ್ಕೈದು ಪೆಟ್ಟು ಕೊಟ್ಟರೆ ಉಂಗುರ ಅಗಲವಾಗುತ್ತದೆ, ಅದೇ ಒತ್ತು ಹೆಚ್ಚು ಜಾಗಕ್ಕೆ ಹಂಚಿ ಹಿಡಿತ ಕಡಿಮೆಯಾಗುತ್ತದೆ. ಪೆಟ್ಟು ತಿಂದ ಗುಂಡನ್ನು ಎಸೆದು ಹೊಸ ಗುಂಡು ಹಾಕಬೇಕು. ದಾಟಿಸುವ ಗುಂಡು ಮತ್ತು ಹೀರುವ ಗುಂಡುಗಳಿಗೆ ಸೀಟು ಚೆನ್ನಾಗಿತ್ತು, ಗುಂಡು ಮಾತ್ರ ಬದಲಾಯಿತು.

ತುಂಬುವ ತೂತಿಗೆ ಕಾಲು ಇಂಚಿನ ವಿಟ್‌ವರ್ತ್ ಟ್ಯಾಪನ್ನು ಗ್ರೀಸು ಹಚ್ಚಿ ಕೈಯಿಂದ ಇಳಿಸಿದರು. ಚೂರು ಗ್ರೀಸಿಗೆ ಅಂಟಿ ಹೊರಬಂತು, ಮುಕ್ಕಾಲು ಥ್ರೆಡ್ಡು ಉಳಿದಿತ್ತು. ಹಿತ್ತಾಳೆಯ ಮುಚ್ಚಳ, ತಾಮ್ರದ ವಾಷರ್. ಪಟ್ಟಿ ಇಲ್ಲ. ಆ ಜಾಗದಲ್ಲಿ ಒತ್ತಡವೇ ಇಲ್ಲ, ಪಟ್ಟಿಯ ಅಗತ್ಯವೂ ಇಲ್ಲ.

ಹಳೆಯ ತೊಗಲಿನ ಬಟ್ಟಲನ್ನೇ ಮರಳಿ ಹಾಕಿ, ಎಣ್ಣೆ ತುಂಬಿ, ಅದೇ ಭಾರದ ಕೆಳಗೆ ಇಟ್ಟರು. 30 ಮಿ.ಮೀ.ನಲ್ಲಿ ಇಳಿತ 0.4, 110ರಲ್ಲಿ 0.5, 65ರಲ್ಲಿ 2.7.

ಉಂಗುರದ ತುಕ್ಕು

ಅಂಗಡಿಯಲ್ಲಿ ರ್ಯಾಮು ಕಚ್ಚಿ ನಿಂತಿದ್ದ ಎತ್ತರ 65 ಮಿ.ಮೀ. ಬರೆದಿಟ್ಟ ಚೀಟಿ ಈಗ ನೆನಪಾಯಿತು.

ಸಿಲಿಂಡರನ್ನು ಬುಡದಿಂದ ಬಿಚ್ಚಿ, ಒಂದು ತುದಿಯಲ್ಲಿ ದೀಪ ಹಿಡಿದು ನೋಡಿದಾಗ ತಳದಿಂದ 62ರಿಂದ 68 ಮಿ.ಮೀ.ವರೆಗೆ ಸುತ್ತಲೂ ತುಕ್ಕಿನ ಕಲೆಯ ಉಂಗುರ. ಜಾಕಿಯನ್ನು ಅರ್ಧ ಎತ್ತಿದ ಸ್ಥಿತಿಯಲ್ಲೇ ವರ್ಷಗಟ್ಟಲೆ ಮೂಲೆಗೆ ಎಸೆದಿದ್ದಾರೆ. ತೊಗಲಿನ ತುಟಿ ಗೋಡೆಗೆ ಒತ್ತಿ ನಿಂತ ಜಾಗದಲ್ಲಿ ತೇವ ಸಿಕ್ಕಿಕೊಂಡಿತು, ತೊಗಲಿನಲ್ಲಿ ಹದ ಮಾಡಿದ ಹುಳಿಯೂ ಇರುತ್ತದೆ, ಎರಡೂ ಸೇರಿ ಉಕ್ಕನ್ನು ತಿಂದವು. ವಯಸ್ಸಿನ ಲೆಕ್ಕಕ್ಕೆ ಸೇರುವ ಕೇಡು ಇದೊಂದೇ, ಅದೂ ರ್ಯಾಮು ಪೂರ್ತಿ ಇಳಿಸಿಟ್ಟಿದ್ದರೆ ಕೆಲಸದ ಹಾದಿಯ ನಡುವೆ ಬೀಳುತ್ತಿರಲಿಲ್ಲ.

ಸಿಲಿಂಡರು ಬಿಚ್ಚಿ ಬರುವ ಮಾದರಿಯಾದದ್ದು ಒಳ್ಳೆಯದಾಯಿತು. ಎರಡೂ ಕಡೆ ತೆರೆದ ಕೊಳವೆಗೆ ಹೋನ್ (ಒಳಗೋಡೆಯನ್ನು ಕಲ್ಲಿನಿಂದ ಉಜ್ಜುವ ಸಾಧನ) ಪೂರ್ತಿ ಹಾಯುತ್ತದೆ. ತಳ ಮುಚ್ಚಿದ ಸಿಲಿಂಡರಾದರೆ ಕೊನೆಯ ಎರಡು ಸೆಂಟಿಮೀಟರು ಉಳಿದು ಮೆಟ್ಟಿಲಾಗುತ್ತದೆ. ಮೂರು ಕಾಲಿನ ಹೋನಿಗೆ ಮೊದಲು 220, ಆಮೇಲೆ 400 ನಂಬರಿನ ಕಲ್ಲು. ಡ್ರಿಲ್ಲು ನಿಮಿಷಕ್ಕೆ ಸುಮಾರು 350 ಸುತ್ತು, ಸೀಮೆಎಣ್ಣೆಗೆ ಸ್ವಲ್ಪ ಎಣ್ಣೆ ಬೆರೆಸಿ ಧಾರೆ. ಕಲೆ ಇರುವ ಜಾಗದಲ್ಲೇ ಹೆಚ್ಚು ಹೊತ್ತು ನಿಲ್ಲಿಸಬೇಕು ಎಂದು ಕೈ ಎಳೆಯುತ್ತದೆ. ನಿಲ್ಲಿಸಿದರೆ ನಡು ಹೊಟ್ಟೆ ಉಬ್ಬಿದ ಪೀಪಾಯಿಯಾಗುತ್ತದೆ, ಸೋರಿಕೆ ಇನ್ನೂ ಹೆಚ್ಚುತ್ತದೆ. ತುದಿಯಿಂದ ತುದಿಗೆ ಒಂದೇ ವೇಗದಲ್ಲಿ ಓಡಿಸಿ, ಒಂದು ನಿಮಿಷಕ್ಕೊಮ್ಮೆ ಒಳವ್ಯಾಸದ ಬೋರ್ ಗೇಜಿನಿಂದ ಮೂರು ಕಡೆ ಅಳೆದರು. 38.17ರಲ್ಲಿ ನಿಲ್ಲಿಸಿದರು. ಆಳದ ಕೆಲವು ಚುಕ್ಕಿಗಳು ಉಳಿದವು, ಉಗುರಿಗೆ ಸಿಗದಷ್ಟು. ಪೂರ್ತಿ ತೆಗೆಯಲು ಇನ್ನೂ ಕೊರೆಯುವುದು ಬೇಡವೆಂದದ್ದು ಸರಿಯಾದ ತೀರ್ಮಾನ. ಮೇಲ್ಗಡೆ, ರ್ಯಾಮು ಮಿತಿ ಮೀರಿ ಏರದಂತೆ ಎಣ್ಣೆಯನ್ನು ಟ್ಯಾಂಕಿಗೆ ಬಿಡುವ ಸಣ್ಣ ತೂತಿದೆ. ಹೋನ್ ಆದ ಮೇಲೆ ಅದರ ಅಂಚು ಬ್ಲೇಡಿನಂತಾಗಿತ್ತು. ಸೊನ್ನೆ ನಂಬರಿನ ಪಾಲಿಷ್ ಕಾಗದವನ್ನು ಕಡ್ಡಿಗೆ ಸುತ್ತಿ ಅಂಚು ಮುರಿದರು. ಇದನ್ನು ಮರೆತರೆ ಹೊಸ ತೊಗಲು ಮೊದಲ ಏರಿಕೆಯಲ್ಲೇ ಸೀಳುತ್ತದೆ.

ಸೀಲಿನ ವಿಷಯದಲ್ಲಿ ಎರಡು ಮಾತು ಬಂದವು. ನಾಗದೇವಿಯಲ್ಲಿ 38 ಮಿ.ಮೀ.ನ ರಬ್ಬರಿನ ಯು-ಸೀಲು ಸಿದ್ಧವಾಗಿ ಸಿಗುತ್ತದೆ, ನುಣುಪು ಗೋಡೆಗೆ ಅದೇ ಒಳ್ಳೆಯದು. ಚುಕ್ಕಿ ಉಳಿದ ಗೋಡೆಗೆ ನಮ್ಮ ಮತ ತೊಗಲಿಗೆ. ರಬ್ಬರಿನ ತುಟಿ ಚುಕ್ಕಿಯ ಅಂಚಿಗೆ ಸಿಕ್ಕಿ ಕಚ್ಚು ಬೀಳುತ್ತದೆ, ಎಣ್ಣೆ ಕುಡಿದ ತೊಗಲು ಅದರ ಮೇಲೆ ಜಾರಿ ಹೋಗುತ್ತದೆ.

ಧಾರಾವಿಯ ತೊಗಲಿನ ಅಂಗಡಿಯಿಂದ 3 ಮಿ.ಮೀ. ದಪ್ಪದ, ಮರದ ತೊಗಟೆಯಲ್ಲಿ ಹದ ಮಾಡಿದ ಎಮ್ಮೆಯ ತೊಗಲು. ಮೆತ್ತಗಿನ ಚೀಲದ ತೊಗಲು ಇದಕ್ಕೆ ಆಗುವುದಿಲ್ಲ, ಆಕಾರ ಹಿಡಿಯುವುದಿಲ್ಲ. ಲೇತಿನಲ್ಲಿ ಅಚ್ಚು ಮಾಡಿಸಿದರು: ಹೊರ ಅಚ್ಚಿನ ತೂತು 38.2 ಮಿ.ಮೀ., ಒಳಗೆ ಒತ್ತುವ ಗೂಟ 32.2, ತೂತಿನ ಬಾಯಿಗೆ 3 ಮಿ.ಮೀ. ದುಂಡು. 60 ಮಿ.ಮೀ. ಬಿಲ್ಲೆಯನ್ನು 40 ಡಿಗ್ರಿ ಬೆಚ್ಚಗಿನ ನೀರಿನಲ್ಲಿ ಗುಳ್ಳೆ ನಿಲ್ಲುವವರೆಗೆ, ಅಂದರೆ ಇಪ್ಪತ್ತು ನಿಮಿಷ ನೆನೆಸಿದರು. ನೀರು ಇನ್ನೂ ಬಿಸಿಯಾದರೆ ಒದ್ದೆ ತೊಗಲು ಮುದುಡಿ ಬಿರುಸಾಗುತ್ತದೆ. ವೈಸಿನಲ್ಲಿ ಐದು ನಿಮಿಷ ತೆಗೆದುಕೊಂಡು ನಿಧಾನ ಒತ್ತಿದರು. ಮೊದಲ ಬಿಲ್ಲೆ ಅವಸರದಲ್ಲಿ ಮೂಲೆ ಹರಿಯಿತು, ಎರಡನೆಯದು ಕೂತಿತು. ಅಚ್ಚಿನಲ್ಲೇ ನೆರಳಿನಲ್ಲಿ ಮೂರು ದಿನ. ಒಣಗಿದೆ ಎಂದು ಕೈ ಹೇಳಿದರೆ ಸಾಲದು. ದಿನಕ್ಕೊಮ್ಮೆ ಅಡುಗೆಮನೆ ತಕ್ಕಡಿಯಲ್ಲಿ ತೂಗಿ, ತೂಕ ಇಳಿಯುವುದು ನಿಂತ ಮೇಲೆ ಅಚ್ಚಿನಿಂದ ತೆಗೆದರು. ತುಟಿಯನ್ನು 11 ಮಿ.ಮೀ. ಎತ್ತರಕ್ಕೆ ಕತ್ತರಿಸಿ ಒಳಗಡೆಯಿಂದ ಓರೆ ಮಾಡಿದರು, ಚೂಪು ಅಂಚು ಗೋಡೆಯ ಕಡೆಗೆ. ಜೇನುಮೇಣ ಒಂದು ಪಾಲು, ಹೈಡ್ರಾಲಿಕ್ ಎಣ್ಣೆ ಮೂರು ಪಾಲು, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು 70 ಡಿಗ್ರಿಗೆ ಕಾಯಿಸಿ, ಬಟ್ಟಲನ್ನು ಒಂದು ಗಂಟೆ ಮುಳುಗಿಸಿದರು. ಪೂರ್ತಿ ಒಣಗಿದ ತೊಗಲು ಆ ಬಿಸಿಯನ್ನು ತಡೆಯುತ್ತದೆ. ತೇವ ಉಳಿದಿದ್ದರೆ ತಡೆಯದು, ತಕ್ಕಡಿ ಬೇಕಾದದ್ದು ಅದಕ್ಕೇ.

ಜೋಡಣೆ, ಎಣ್ಣೆ, ಕೊನೆಯ ಅಳತೆ

ಸಿಲಿಂಡರಿನ ಕೆಳಗಿನ ತಾಮ್ರದ ಉಂಗುರವನ್ನು ಕೆಂಪಗೆ ಕಾಯಿಸಿ ನೀರಿಗದ್ದಿ ಮೆತ್ತಗೆ ಮಾಡಿ ಹಾಕಿದರು. ಮೇಲಿನ ನಟ್ಟಿಗೆ ಹೊಸ ನೈಟ್ರೈಲ್ ಓ-ರಿಂಗು. ಎಣ್ಣೆ ಐಎಸ್‌ಒ ವಿಜಿ 32 ದರ್ಜೆಯ ಹೈಡ್ರಾಲಿಕ್, ಸರ್ವೊ ಸಿಸ್ಟಮ್ 32 ಆಗಲಿ ಎನ್‌ಕ್ಲೊ 32 ಆಗಲಿ ಒಂದೇ. ಎಂಜಿನ್ ಎಣ್ಣೆ ಬೇಡ, ಮಸಿಯನ್ನು ತೇಲಿಸಿ ಹಿಡಿಯುವ ಅದರ ಗುಣದಿಂದ ಕಸ ತಳಕ್ಕೆ ಕೂರದೆ ಗುಂಡುಗಳವರೆಗೆ ಸುತ್ತುತ್ತದೆ.

ತುಂಬುವಾಗ ಜಾಕಿ ನೆಟ್ಟಗಿರಬೇಕು, ರ್ಯಾಮು ಪೂರ್ತಿ ಕೆಳಗಿರಬೇಕು. ತೂತಿನ ಕೆಳ ಅಂಚಿಗೆ ಎಣ್ಣೆ ಬಂದಾಗ ಸಾಕು, ಇಲ್ಲಿ 280 ಮಿ.ಲೀ. ಹಿಡಿಯಿತು. ರ್ಯಾಮು ಮೇಲಿರುವಾಗ ತುಂಬಿದರೆ ಇಳಿಸುವಾಗ ಹಿಂತಿರುಗುವ ಎಣ್ಣೆಗೆ ಜಾಗವಿಲ್ಲದೆ ಸೀಲಿನಿಂದ ಹೊರಬರುತ್ತದೆ. ಗಾಳಿ ತೆಗೆಯಲು ಬಿಡುಗಡೆ ತಿರುಪು ಅರ್ಧ ಸುತ್ತು ತೆರೆದು ಹದಿನೈದು ಸಲ ಬೇಗ ಬೇಗ ಪಂಪು, ಮುಚ್ಚಿ ಪೂರ್ತಿ ಏರಿಸಿ, ಮುಚ್ಚಳ ಸಡಿಲಿಸಿ ಇಳಿಸುವುದು, ಇದನ್ನು ಮೂರು ಸಲ. ತಿರುಪನ್ನು ಎರಡು ಬೆರಳು ಮತ್ತು ಹೆಬ್ಬೆರಳಿನ ಬಲಕ್ಕಿಂತ ಹೆಚ್ಚು ಬಿಗಿಯಬಾರದು. ಪೈಪು ಹಾಕುವ ಅಭ್ಯಾಸ ಇರುವವರ ಕೈಗೆ ಸಿಗದಂತೆ ಮಾಲೀಕರು ತಿರುಪಿನ ಉದ್ದ ಹಿಡಿಕೆಯನ್ನು ಕತ್ತರಿಸಿ 60 ಮಿ.ಮೀ. ಮಾಡಿದರು. ಇದು ಬಹಳ ಒಳ್ಳೆಯ ಕೆಲಸ.

1,240 ಕಿಲೊ ಅಡಿಯಲ್ಲಿ ಹತ್ತು ನಿಮಿಷದ ಇಳಿತ ಈಗ 30ರಲ್ಲಿ 0.12 ಮಿ.ಮೀ., 65ರಲ್ಲಿ 0.25, 110ರಲ್ಲಿ 0.14. ಮೊದಲ ಎರಡು ದಿನ 0.3ರ ಆಸುಪಾಸು ಇತ್ತು, ತೊಗಲು ಗೋಡೆಗೆ ಒಗ್ಗಿದ ಮೇಲೆ ಈ ಅಂಕಿಗೆ ನಿಂತಿತು. ಹೊಸ ತೊಗಲಿನ ಮೊದಲ ದಿನದ ಅಂಕಿ ನೋಡಿ ಮತ್ತೆ ಬಿಚ್ಚುವ ಅವಸರ ಬೇಡ.

ಆದರೂ ಇದನ್ನು 5 ಟನ್ ಜಾಕಿ ಎಂದು ಬಳಸುತ್ತಿಲ್ಲ. ಈ ಮಾದರಿಯಲ್ಲಿ ಅತಿಭಾರಕ್ಕೆ ತಾನಾಗಿ ತೆರೆಯುವ ಕವಾಟ ಇಲ್ಲ, ಒತ್ತಿದಷ್ಟೂ ಒತ್ತಡ ಏರುತ್ತದೆ. ಅಳೆದು ನೋಡಿದ್ದು ಒಂದೂಕಾಲು ಟನ್ನಿನವರೆಗೆ. ಬುಡದ ಮೇಲೆ ಕೆಂಪು ಬಣ್ಣದಲ್ಲಿ '1 ಟನ್' ಎಂದು ಬರೆದರು. ಪದ್ಮಿನಿ ಇಡೀ ಕಾರೇ 900 ಕಿಲೊ ಹತ್ತಿರ, ಜೀಪಿನ ಒಂದು ಆಕ್ಸಲ್ಲೂ ಟನ್ನಿನೊಳಗೇ, ಇಲ್ಲಿನ ಕೆಲಸಕ್ಕೆ ಅಷ್ಟು ಸಾಕು. ಎತ್ತಿದ ಕೂಡಲೇ ಗಾಡಿ ಘೋಡಿಯ (ಗಾಡಿಯನ್ನು ಹೊರುವ ಗಟ್ಟಿ ಸ್ಟ್ಯಾಂಡಿನ) ಮೇಲೆ ಕೂರಬೇಕು, ಜಾಕಿ ಹೊತ್ತ ಗಾಡಿಯ ಕೆಳಗೆ ಯಾರೂ ನುಗ್ಗುವಂತಿಲ್ಲ. ಹತ್ತು ನಿಮಿಷಕ್ಕೆ ಕಾಲು ಮಿಲಿಮೀಟರ್ ಇಳಿಯುವ ಜಾಕಿಗೂ ಈ ನಿಯಮವೇ, ಹೊಸ ಜಾಕಿಗೂ ಇದೇ.

ಗೋಡೆಯ ಮೇಲೆ ಈಗ ಮೂರು ಹಲಗೆಗಳಿವೆ: ಪದ್ಮಿನಿಗೆ ಮಿ.ಮೀ. ಪಾನಾ ನೀಲಿ ಹಲಗೆಗೆ, ಜೀಪಿಗೆ ಎಎಫ್ ಹಳದಿಗೆ, ವಿಟ್‌ವರ್ತ್ ಕೆಂಪಿಗೆ. ಪ್ರತಿ ಮೊಳೆಯ ಪಕ್ಕ ಬಾಯಿಯ ಅಗಲವನ್ನು ಮಿ.ಮೀ.ನಲ್ಲೇ ಎರಡು ದಶಾಂಶಕ್ಕೆ ಬರೆದಿದ್ದಾರೆ, ಕೆಂಪು ಹಲಗೆಯಲ್ಲೂ. ಹುಡುಗರು ನಟ್ಟಿಗೆ ಮೊದಲು ವರ್ನಿಯರ್ ಹಿಡಿಯುತ್ತಾರೆ, ಆಮೇಲೆ ಹಲಗೆ ನೋಡುತ್ತಾರೆ.

ಅಕ್ಟೋಬರಿನಲ್ಲಿ, ಒಂದು ಮಳೆಗಾಲ ಕಳೆದ ಮೇಲೆ, ಮತ್ತೆ ಅದೇ ಭಾರದ ಕೆಳಗೆ ಇಟ್ಟು ನೋಡಿದರು. 30 ಮತ್ತು 110ರ ಅಂಕಿ ಹಾಗೆಯೇ ಇದ್ದವು, 65ರಲ್ಲಿ 0.31 ಮಿ.ಮೀ. ಎಣ್ಣೆಯ ಹತ್ತು ಹನಿ ನೀರಿನ ಬಾಟಲಿಯಲ್ಲಿ ತಿಳಿಯಾಗಿ ಮೇಲೆ ತೇಲಿತು. 65ರ ಅಂಕಿ ಅರ್ಧ ಮಿಲಿಮೀಟರ್ ದಾಟಿದ ದಿನ ತೊಗಲು ಬಿಚ್ಚಿ ನೋಡುವುದೆಂದು ಜಾಕಿಯ ಕೊರಳಿಗೆ ಕಟ್ಟಿದ ಚೀಟಿಯಲ್ಲಿ ಬರೆದಿದೆ. ರ್ಯಾಮು ಪೂರ್ತಿ ಇಳಿಸಿ, ನೆಟ್ಟಗೆ, ಮರದ ಹಲಗೆಯ ಮೇಲೆ ಇಟ್ಟಿದ್ದಾರೆ.